ಫೈನಲ್ ಫ್ಯಾಂಟಸಿ: ಹೆಸರು ಅದೇ, ಆಟ ಯಾಕೆ ಬದಲಾಯ್ತು?

ದೇರೆಬೈಲಿನ ನನ್ನ ಪುಟ್ಟ ರೂಮಿನಿಂದ ಮಾತಾಡ್ತಾ ಇದ್ದೇನೆ. ಹಿಂದೆ ಮಳೆ ಸದ್ದು ಕೇಳಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡಿ.

ನಮ್ಮ ಊರಲ್ಲಿ "ಆಟಕ್ಕೆ ಹೋಗುವ" ಅಂದ್ರೆ ಯಕ್ಷಗಾನಕ್ಕೆ ಹೋಗುವ ಅಂತ ಅರ್ಥ. ಅಜ್ಜನ ಕಾಲದಲ್ಲಿ ರಾತ್ರಿ ಶುರುವಾದ ಆಟ ಬೆಳಗಾಗುವಾಗ ಮುಗೀತಿತ್ತು. ಈಗ ಹಲವು ಕಡೆ ಕಾಲಮಿತಿ. ಮರುದಿನ ಕೆಲಸ ಇರುವ ನನಗೆ ಅದು ಅನುಕೂಲ, ಪೂರ್ತಿ ನೋಡಿ ಬರಬಹುದು. ಅಜ್ಜ ಮಾತ್ರ "ಇದೆಂತ ಆಟ ಮಾರಾಯ?" ಅಂತಾರೆ.

ಹೆಚ್ಚು ಕಡಿಮೆ ಇದೇ ಜಗಳ ವಿಡಿಯೋ ಗೇಮ್ ಆಡುವವರ ಮಧ್ಯೆಯೂ ಉಂಟು. ಇವತ್ತಿನ ಎಪಿಸೋಡ್ ಅದರ ಬಗ್ಗೆ: ಜಪಾನಿನ ಫೈನಲ್ ಫ್ಯಾಂಟಸಿ ಸರಣಿ.

ಮೊದಲನೇ ಆಟ ಬಂದದ್ದು 1987ರ ಡಿಸೆಂಬರ್‌ನಲ್ಲಿ. ಮಾಡಿದ್ದು ಸ್ಕ್ವೇರ್ ಕಂಪನಿ, ನಿರ್ದೇಶಕ ಹಿರೊನೊಬು ಸಕಾಗುಚಿ. ಇದು ರೋಲ್ ಪ್ಲೇಯಿಂಗ್ ಗೇಮ್, ಅಂದ್ರೆ ಪಾತ್ರಗಳನ್ನು ವಹಿಸಿಕೊಂಡು, ಅವರ ಶಕ್ತಿ ಬೆಳೆಸ್ತಾ ಕಥೆಯಲ್ಲಿ ಮುಂದೆ ಹೋಗುವ ಆಟ. ನಾಲ್ಕು ಜನ ವೀರರು. ಯುದ್ಧ ಬಂದಾಗ ಒಬ್ಬೊಬ್ಬರಿಗೂ ನೀವೇ ಆಜ್ಞೆ ಕೊಡಬೇಕು: ಹೊಡೆಯುವುದಾ, ಮಂತ್ರ ಹಾಕುವುದಾ, ಔಷಧಿ ಕೊಡುವುದಾ. ನೀವು ಆಯ್ಕೆ ಮಾಡುವವರೆಗೆ ಶತ್ರು ಸುಮ್ಮನೆ ಕಾಯ್ತಾನೆ. ಚೆಸ್ ಆಡಿದ ಹಾಗೆ. ಇದಕ್ಕೆ ಟರ್ನ್ ಬೇಸ್ಡ್ ಅಂತಾರೆ.

1988ರಲ್ಲಿ ಎರಡನೇ ಆಟ ಬಂತು. ಅದರಲ್ಲಿ ಲೋಕ ಬೇರೆ, ಪಾತ್ರಗಳು ಬೇರೆ, ಕಥೆಯೂ ಬೇರೆ. ಇದೇ ಈ ಸರಣಿಯ ಗುಟ್ಟು. ಪ್ರತಿ ಸಂಖ್ಯೆಗೂ ಹೊಸ ಲೋಕ ಇರುವುದರಿಂದ, ಹೊಸಬರು ಎಲ್ಲಿಂದ ಬೇಕಾದ್ರೂ ಶುರು ಮಾಡಬಹುದು. ಹಾಗಾದ್ರೆ ಇವೆಲ್ಲ ಒಂದೇ ಸರಣಿ ಅಂತ ಗೊತ್ತಾಗುವುದು ಹೇಗೆ? ಮತ್ತೆ ಮತ್ತೆ ಬರುವ ಗುರುತುಗಳಿಂದ. ಸವಾರಿ ಮಾಡುವ ಚೊಕೊಬೊ ಹಕ್ಕಿ, ಸಿಡ್ ಅನ್ನುವ ಹೆಸರಿನ ಒಬ್ಬ ಪಾತ್ರಧಾರಿ, ನೊಬುವೊ ಉಎಮತ್ಸು ಕೊಟ್ಟ ರಾಗಗಳು. ಪ್ರಸಂಗ ಯಾವುದಾದ್ರೂ ಇರಲಿ, ದೂರದಿಂದ ಚೆಂಡೆ ಕೇಳಿದ ಕೂಡ್ಲೆ ಆಟ ಅಂತ ಗೊತ್ತಾಗುವುದಿಲ್ವಾ, ಹಾಗೆ.

ಆದ್ರೆ ಆಡುವ ರೀತಿ ಮಾತ್ರ ಒಂದೇ ಕಡೆ ನಿಲ್ಲಲಿಲ್ಲ. 1991ರ ನಾಲ್ಕನೇ ಆಟದಲ್ಲಿ ಗಡಿಯಾರ ಓಡಲಿಕ್ಕೆ ಶುರುವಾಯ್ತು. ನೀವು ಯೋಚಿಸ್ತಾ ಕೂತ್ರೆ ಶತ್ರು ಬಂದು ಹೊಡೆಯುತ್ತಾನೆ. 1997ರ ಏಳನೇ ಆಟಕ್ಕೆ ಸ್ಕ್ವೇರ್ ಕಂಪನಿ ನಿಂಟೆಂಡೊ ಬಿಟ್ಟು ಸೋನಿಯ ಪ್ಲೇಸ್ಟೇಷನ್‌ಗೆ ಹೋಯ್ತು. ಕಾರಣ ಜಾಗ. ನಿಂಟೆಂಡೊ ಕಾರ್ಟ್ರಿಜ್‌ನಲ್ಲಿ ಹಿಡಿಸದಷ್ಟು ದೊಡ್ಡ ಆಟ ಮೂರು ಸಿಡಿಗಳಲ್ಲಿ ಬಂತು. 2001ರ ಹತ್ತನೆಯದರಲ್ಲಿ ಪಾತ್ರಗಳಿಗೆ ಧ್ವನಿ ಬಂತು, ಗಡಿಯಾರ ಪುನಃ ನಿಂತಿತು. 2002ರ ಹನ್ನೊಂದನೆಯದು ಪೂರ್ತಿ ಆನ್‌ಲೈನ್. 2016ರ ಹದಿನೈದು ಮತ್ತು 2023ರ ಹದಿನಾರನೆಯದರಲ್ಲಿ ಚೆಸ್ ಹೋಗಿ ಕತ್ತಿವರಸೆಯೇ ಮುಖ್ಯವಾಯ್ತು. ಬಟನ್ ಒತ್ತಿದ ಕ್ಷಣವೇ ಏಟು. ಬೆರಳು ಚುರುಕಿರಬೇಕು.

ಯಾಕೆ ಹೀಗೆ? ನಾನು ಬಿ.ಕಾಂ. ಓದಿದವ, ನನಗೆ ಇದು ಲೆಕ್ಕದ ಹಾಗೆ ಕಾಣ್ತದೆ. ಮೊದಲ 10 ಆಟಗಳು 14 ವರ್ಷದೊಳಗೆ ಬಂದವು. ನಂತರದ 6 ಆಟಗಳಿಗೆ ಸುಮಾರು 22 ವರ್ಷ ಬೇಕಾಯ್ತು. ಚಿತ್ರ, ಧ್ವನಿ, ಲೋಕ ಎಲ್ಲ ದೊಡ್ಡದಾದಾಗ ಜನ ಜಾಸ್ತಿ ಬೇಕು, ವರ್ಷಗಳೂ ಜಾಸ್ತಿ ಬೇಕು. ಒಂದು ಪ್ರತಿ ಮಾರುವ ಮೊದಲೇ ಅಷ್ಟು ಹಣ ಹೋಗಿರ್ತದೆ. ಅದು ವಾಪಸ್ ಬರಬೇಕಾದ್ರೆ ಹಳೇ ಅಭಿಮಾನಿಗಳು ಮಾತ್ರ ಸಾಕಾಗುವುದಿಲ್ಲ. ಹದಿನಾರನೇ ಆಟದ ನಿರ್ಮಾಪಕ ನವೋಕಿ ಯೋಶಿದಾ ಕೂಡ ಸಂದರ್ಶನಗಳಲ್ಲಿ ಇದೇ ಅರ್ಥದ ಮಾತು ಹೇಳಿದ್ರು: ಮೆನುವಿನಿಂದ ಆಜ್ಞೆ ಆರಿಸಿ ಹೋರಾಡುವುದು ಈಗಿನ ಎಷ್ಟೋ ಯುವಕರಿಗೆ ಹಿಡಿಸುವುದಿಲ್ಲ ಅಂತ.

ಆದ್ರೆ ಅದೇ 2023ರಲ್ಲಿ ದಿ ಗೇಮ್ ಅವಾರ್ಡ್ಸ್‌ನ ವರ್ಷದ ಆಟ ಪ್ರಶಸ್ತಿ ಗೆದ್ದದ್ದು ಬಾಲ್ಡರ್ಸ್ ಗೇಟ್ 3. ಅದು ಟರ್ನ್ ಬೇಸ್ಡ್! ಹಾಗಾಗಿ ಯೋಚಿಸಿ ಆಡುವ ಕಾಲ ಮುಗೀತು ಅಂತ ಹೇಳಲಿಕ್ಕೆ ಆಗುವುದಿಲ್ಲ.

ನನಗೆ ಈ ವಿಷಯ ತಲೆಗೆ ಹೊಕ್ಕಿದ್ದು ಒಬ್ಬ ಫ್ರೆಂಡ್‌ನಿಂದ. ಕಾಲೇಜಿನಲ್ಲಿ ನಮ್ಮಲ್ಲೆಲ್ಲ ಚೆನ್ನಾಗಿ ಆಡ್ತಿದ್ದವ ಅವನೇ. ಬೈಕ್ ಆಕ್ಸಿಡೆಂಟ್ ಆದ ಮೇಲೆ ಅವನ ಬಲಗೈಯ ಎರಡು ಬೆರಳು ಸರಿಯಾಗಿ ಮಡಚುವುದಿಲ್ಲ. ಹದಿನಾರನೆಯದನ್ನು ಒಟ್ಟಿಗೆ ಆಡುವ ಅಂತ ನಮ್ಮ ಮನೆಗೆ ಬಂದ. ಅರ್ಧ ಗಂಟೆಯಲ್ಲಿ ಕಂಟ್ರೋಲರ್ ನನ್ನ ಕೈಗೆ ಕೊಟ್ಟು, "ನೀನು ಆಡು, ನಾನು ನೋಡ್ತೇನೆ" ಅಂದ. ಟರ್ನ್ ಬೇಸ್ಡ್ ಅಂದ್ರೆ ಹಳೇ ನೆನಪಿನ ವಿಷಯ ಅಂತ ಅಲ್ಲಿವರೆಗೆ ನಾನೂ ನಂಬಿದ್ದೆ. ಅವನಿಗೆ ಅದು ಆಟದೊಳಗೆ ಬರುವ ಬಾಗಿಲು.

ಆಮೇಲೆ ಸೆಟ್ಟಿಂಗ್ ಹುಡುಕಿದೆವು. ಹದಿನಾರರಲ್ಲೇ ಕೆಲವು ಉಂಗುರಗಳು ಉಂಟು. ಒಂದು ಹಾಕಿದ್ರೆ ಶತ್ರು ಹೊಡೆಯುವ ಮೊದಲು ಸಮಯ ನಿಧಾನ ಆಗ್ತದೆ, ಇನ್ನೊಂದು ಹಾಕಿದ್ರೆ ಪಾತ್ರ ತಾನೇ ತಪ್ಪಿಸಿಕೊಳ್ತದೆ. 2020ರ ಏಳನೇ ಆಟದ ರೀಮೇಕ್‌ನಲ್ಲಿ ಕ್ಲಾಸಿಕ್ ಮೋಡ್ ಉಂಟು: ಓಡಾಟ, ಹೊಡೆದಾಟ ಆಟವೇ ನೋಡಿಕೊಳ್ತದೆ, ಯಾವ ಆಜ್ಞೆ ಅಂತ ನೀವು ಹೇಳಿದ್ರೆ ಸಾಕು. ಮೊದಲ ಆರು ಆಟಗಳು ಪಿಕ್ಸೆಲ್ ರೀಮಾಸ್ಟರ್ ಅನ್ನುವ ಹೆಸರಲ್ಲಿ ಮೊಬೈಲಿಗೇ ಬಂದಿವೆ. ಅವನು ಈಗ ಸ್ಟೇಟ್‌ಬ್ಯಾಂಕ್‌ಗೆ ಹೋಗುವ ಸಿಟಿ ಬಸ್ಸಲ್ಲಿ ಕೂತು ಎಡಗೈ ಹೆಬ್ಬೆರಳಲ್ಲಿ ನಾಲ್ಕನೆಯದನ್ನು ಆಡ್ತಾನೆ. ಓಡುವ ಗಡಿಯಾರಕ್ಕೂ ಅದರಲ್ಲಿ ಒಂದು ವೇಟ್ ಮೋಡ್ ಸಿಕ್ಕಿತು.

ಹಾಗಾಗಿ ಹಳೇದು ಒಳ್ಳೇದಾ, ಹೊಸದು ಒಳ್ಳೇದಾ ಅಂತ ನಾನು ಕೇಳುವುದು ಬಿಟ್ಟಿದ್ದೇನೆ. ಪ್ರತಿ ಬದಲಾವಣೆಯೂ ಯಾರನ್ನೋ ಒಳಗೆ ಕರೀತದೆ, ಯಾರನ್ನೋ ಹೊರಗೆ ಬಿಡ್ತದೆ. ಹೊರಗೆ ಉಳಿದವರಿಗೆ ಒಂದು ದಾರಿ ಇಟ್ಟಿದ್ದಾರಾ ಅಂತ ಮೊದಲು ನೋಡ್ತೇನೆ.

ನೀವು ಬಿಟ್ಟುಬಿಟ್ಟ ಆಟ ಯಾವುದು, ಯಾಕೆ ಬಿಟ್ರಿ? ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಹಾಕ್ತೇನೆ. ಈ ವಾರ ಅಜ್ಜನನ್ನು ಕರ್ಕೊಂಡು ಬೆಳಗಿನವರೆಗಿನ ಒಂದು ಆಟಕ್ಕೆ ಹೋಗ್ಲಿಕ್ಕುಂಟು. ಸಿಗುವ.