ಹುಸಿಮೀನಿನ ಬಣ್ಣ ಉಳಿಯಬೇಕಾದರೆ

ನಮ್ಮ ಜಯನಗರದ ಮನೆಯಲ್ಲಿ ಅಪ್ಪ ಬಿಟ್ಟುಹೋದ ಎರಡು ಡಬ್ಬಿಗಳಿವೆ. ಒಂದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಇನ್ನೊಂದು ಹತ್ತಾರು ಖಾನೆಗಳಿರುವ, ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ ಪೆಟ್ಟಿಗೆ. ಎರಡರಲ್ಲೂ ಇರುವುದು ಲ್ಯೂರ್‌ಗಳು. ಅಂದರೆ ಗಾಳಕ್ಕೆ ಎರೆಹುಳುವಿನ ಬದಲು ಕಟ್ಟುವ ಹುಸಿಮೀನುಗಳು. ಈಚೆಗೆ ಮುಚ್ಚಳ ತೆಗೆದು ನೋಡಿದರೆ ತಗಡಿನ ಡಬ್ಬಿಯವು ಮೂವತ್ತು ವರ್ಷವಾದರೂ ನಿನ್ನೆ ಕೊಂಡಂತಿದ್ದವು. ದುಬಾರಿ ಪೆಟ್ಟಿಗೆಯಲ್ಲಿ ಮಾತ್ರ ಬಣ್ಣ ಕರಗಿ, ಒಂದಕ್ಕೊಂದು ಅಂಟಿಕೊಂಡು, ಪಾಕ ಕೆಟ್ಟ ಬರ್ಫಿಯ ಹಾಗಾಗಿತ್ತು.

ಬೆಂಕಿಯಿಲ್ಲ, ಬಿಸಿಲಿಲ್ಲ, ಕರಗಿದ್ದು ಹೇಗೆ? ಇದಕ್ಕೆ ಉತ್ತರ ನಿಮ್ಮ ಮಗುವಿನ ಕಂಪಾಸು ಪೆಟ್ಟಿಗೆಯಲ್ಲಿದೆ. ಬೇಸಿಗೆ ರಜೆ ಮುಗಿಸಿ ಪೆಟ್ಟಿಗೆ ತೆರೆದರೆ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿ ಕೂತಿರುತ್ತದಲ್ಲ, ಅದೇ ಕತೆ ಇದು. ಮೆತ್ತನೆಯ ರಬ್ಬರುಗಳಲ್ಲಿ ಬಹಳಷ್ಟು ಪಿವಿಸಿ ಎಂಬ ಪ್ಲಾಸ್ಟಿಕ್‌ನಿಂದ ಆದವು. ಪಿವಿಸಿ ಹುಟ್ಟಿನಿಂದ ಗಟ್ಟಿ. ಅದನ್ನು ಮೆತ್ತಗಾಗಿಸಲು ಎಣ್ಣೆಯಂಥ ಒಂದು ದ್ರವವನ್ನು ಬೆರೆಸುತ್ತಾರೆ. ಆ ದ್ರವ ಒಳಗೇ ಸುಮ್ಮನಿರುವುದಿಲ್ಲ, ನಿಧಾನಕ್ಕೆ ಹೊರಬಂದು ಪಕ್ಕದಲ್ಲಿರುವ ಗಟ್ಟಿ ಪ್ಲಾಸ್ಟಿಕ್ಕನ್ನೂ ಮೆತ್ತಗಾಗಿಸುತ್ತದೆ. ರಬ್ಬರಿನ ಸುತ್ತ ಕಾಗದದ ಅಂಗಿ ಇರುವುದು ಅಂದಕ್ಕಷ್ಟೇ ಅಲ್ಲ, ಈ ಜಗಳ ತಪ್ಪಿಸಲಿಕ್ಕೂ ಹೌದು.

ಅಪ್ಪನ ಪೆಟ್ಟಿಗೆಯಲ್ಲಿ ಮೆತ್ತನೆಯ ಹುಳುಗಳು, ಕಪ್ಪೆಮರಿಗಳು ಬಣ್ಣದ ಗಟ್ಟಿ ಮೀನುಗಳ ಜೊತೆ ಒಂದೇ ಖಾನೆಯಲ್ಲಿದ್ದವು. ಹುಳುವಿನ ಎಣ್ಣೆ ಮೀನಿನ ಬಣ್ಣವನ್ನು ತಿಂದಿತು, ಪೆಟ್ಟಿಗೆಯ ತಳವನ್ನೂ ಬಿಡಲಿಲ್ಲ. ಆದ್ದರಿಂದ ಮೆತ್ತನೆಯವು ತಾವು ಬಂದ ಪೊಟ್ಟಣದಲ್ಲೇ ಇರಲಿ. ಬೇರೆ ಬೇರೆ ಬಗೆಯ ಮೆತ್ತನೆಯವನ್ನೂ ಒಟ್ಟಿಗೆ ಹಾಕಬೇಡಿ, ಅವು ಒಂದನ್ನೊಂದು ಕರಗಿಸುವುದುಂಟು. ಪೆಟ್ಟಿಗೆ ಕೊಳ್ಳುವಾಗ ತಿರುಗಿಸಿ ಅದರ ತಳದ ತ್ರಿಕೋನ ನೋಡಿ. ಒಳಗೆ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್, ಈ ಎಣ್ಣೆಗೆ ಚೆನ್ನಾಗಿ ತಡೆಯುತ್ತದೆ. 6 ಎಂದಿದ್ದರೆ ಪಾಲಿಸ್ಟೈರೀನ್, ಬೇಡವೇ ಬೇಡ. ನನ್ನ ಮಗಳು ಈಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೋರಲು ಹಾಕಿ ಅಂಕಿ ಓದುತ್ತಿದ್ದಾಳೆ. ಉಪ್ಪಿನಕಾಯಿ ಡಬ್ಬಿಯೊಂದನ್ನು ಹೇಗೋ ಉಳಿಸಿಕೊಂಡೆ.

ಬಣ್ಣ ಹೋದರೇನಂತೆ, ಮೀನಿಗೇನು ತಿಳಿಯುತ್ತದೆ ಎನ್ನಬಹುದು. ಬಣ್ಣ ಬರೀ ಅಲಂಕಾರವಲ್ಲ. ಮರದ ಲ್ಯೂರಿಗೆ ಅದೇ ರೇನ್‌ಕೋಟು. 1936ರಲ್ಲಿ ಫಿನ್‌ಲೆಂಡಿನ ಮೀನುಗಾರ ಲೌರಿ ರಾಪಾಲಾ ಬಾಟಲಿಯ ಬಿರಡೆಗೆ ಬಳಸುವ ಕಾರ್ಕನ್ನು ಕೆತ್ತಿ ಪುಟ್ಟ ಮೀನು ಮಾಡಿದ. ಹೊಳಪಿಗೆ ಚಾಕೊಲೇಟಿನ ಮೇಲಿನ ಬೇಗಡೆ ಸುತ್ತಿದ. ಅದರ ಮೇಲೆ ನೀರು ಇಳಿಯದಂತೆ ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಬಳಿದ. ಇವತ್ತು ಜಗತ್ತಿಗೆಲ್ಲ ಗೊತ್ತಿರುವ ರಾಪಾಲಾ ಲ್ಯೂರ್‌ಗಳ ಮೂಲ ಇದೇ. ಮುಂದೆ ಕಾರ್ಕಿನ ಜಾಗಕ್ಕೆ ಹಗುರವಾದ ಬಾಲ್ಸಾ ಮರ ಬಂತು. ಮೇಲಿನ ಲೇಪದಲ್ಲಿ ಒಂದು ಗೀರು ಬಿದ್ದರೂ ನೀರು ಒಳಗಿಳಿದು ಮರ ಉಬ್ಬುತ್ತದೆ. ತೂಕ ಬದಲಾಗಿ ಮೀನಿನ ಓಲಾಟವೇ ಕೆಡುತ್ತದೆ.

ಆ ಗೀರು ಬೀಳುವುದು ಹೆಚ್ಚಾಗಿ ನೀರಿನಲ್ಲಲ್ಲ, ಡಬ್ಬಿಯಲ್ಲಿ. ಮೂರು ಮೊನೆಯ ಕೊಕ್ಕೆಗಳು ಪಕ್ಕದವನ ಮೈ ಕೆರೆಯುತ್ತವೆ. ಅಪ್ಪನ ತಗಡಿನ ಡಬ್ಬಿ ಗೆದ್ದದ್ದು ಇಲ್ಲೇ. ಒಂದೊಂದನ್ನೂ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ದಾರ ಕಟ್ಟಿ, ಅಡ್ಡಡ್ಡಲಾಗಿ ಜೋಡಿಸಿದ್ದರು. ಬಟ್ಟೆ ತೇವ ಹಿಡಿಯುತ್ತದೆ ಎನ್ನುವವರಿದ್ದಾರೆ, ನಿಜವೇ. ಆದರೆ ಅಪ್ಪ ಎರಡು ದಿನ ನೆರಳಲ್ಲಿ ಆರಿಸದೆ ಯಾವುದನ್ನೂ ಸುತ್ತುತ್ತಿರಲಿಲ್ಲ. ಪಂಚೆ ಇಲ್ಲದಿದ್ದರೆ ಒಂದು ಖಾನೆಗೆ ಒಂದೇ ಲ್ಯೂರ್ ಇಡಿ, ಕೊಕ್ಕೆಗೆ ಟೋಪಿ ಹಾಕಿ. ಅಂಗಡಿಯ ಟೋಪಿಯೇ ಆಗಬೇಕೆಂದಿಲ್ಲ, ದಪ್ಪ ಸ್ಟ್ರಾ ತುಂಡೂ ಸಾಕು. ಮಕ್ಕಳಿರುವ ಮನೆಯಲ್ಲಿ ಬಣ್ಣಕ್ಕಿಂತ ಬೆರಳು ದೊಡ್ಡದು. ಕೊಕ್ಕೆಯ ತುದಿಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನಿಗೂ ನೋವು ಕಮ್ಮಿ, ಬೆರಳಿಗೆ ಚುಚ್ಚಿದರೆ ಬಿಡಿಸುವುದೂ ಸುಲಭ. ನಮ್ಮ ಮನೆಯ ಡಬ್ಬಿಗೆ ಬೀಗ ಬೇರೆ ಇದೆ.

ಕಾರವಾರವೋ ಮಲ್ಪೆಯೋ, ಸಮುದ್ರಕ್ಕೆ ಹೋಗಿಬಂದರೆ ಅದೇ ದಿನ ಸಿಹಿನೀರಿನಲ್ಲಿ ಅದ್ದಿ ತೊಳೆಯಬೇಕು. ಉಪ್ಪು ಉಳಿದರೆ ಕೊಕ್ಕೆ ತುಕ್ಕು ಹಿಡಿದು ಬಣ್ಣದ ಮೇಲೆ ಕಂದು ಕಲೆ ಬಿಡುತ್ತದೆ. ಬೆಂಗಳೂರಿನ ಮಳೆಗಾಲಕ್ಕೆ ಹೊಸ ಚಪ್ಪಲಿಯ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳು ಸಾಕು, ಮಕ್ಕಳ ಕೈಗೆ ಮಾತ್ರ ಸಿಗಬಾರದು. ಸೀರೆಗಿಡುವಂತೆ ಒಂದೆರಡು ನುಸಿಗುಳಿಗೆ ಹಾಕೋಣ ಎಂದು ಅಮ್ಮ ಹೊರಟಿದ್ದರು. ತಡೆದೆ. ನ್ಯಾಫ್ತಲೀನ್ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ. ಕಾರಿನ ಡಿಕ್ಕಿಯಲ್ಲೂ ಡಬ್ಬಿ ಬಿಡಬಾರದು. ಒಳಗೆ ಟೊಳ್ಳಿರುವ ಲ್ಯೂರಿನ ಗಾಳಿ ಕಾದು ಹಿಗ್ಗಿದರೆ ಬೆಸುಗೆ ಬಾಯಿಬಿಡುತ್ತದೆ.

ಹಿತ್ತಾಳೆಯ ಸ್ಪೂನ್ ಲ್ಯೂರ್ ಕಪ್ಪಾದರೆ ಹುಣಸೆಹಣ್ಣು ತಿಕ್ಕಬಹುದೇ? ಬರಿಯ ಹಿತ್ತಾಳೆಯಾದರೆ ತಿಕ್ಕಿ, ತಕ್ಷಣ ತೊಳೆದು ಒರೆಸಿ. ಬಣ್ಣ ಅಥವಾ ಬೆಳ್ಳಿಯ ಲೇಪವಿದ್ದರೆ ಮೆತ್ತನೆ ಬಟ್ಟೆಯಷ್ಟೇ.

ಒಂದು ಹಿತ್ತಾಳೆ ಸ್ಪೂನಿಗೆ ಮಾತ್ರ ನಾನು ಹುಣಸೆಹಣ್ಣನ್ನೂ ಮುಟ್ಟಿಸುವುದಿಲ್ಲ. ಅದರ ನಡುವೆ ಒಂದು ತಗ್ಗಿದೆ. ಅಪ್ಪ ಮತ್ತು ಗೆಳೆಯರು ಬನಶಂಕರಿ ದಾಟಿ ಕನಕಪುರ ರಸ್ತೆ ಹಿಡಿದು ಕಾವೇರಿಗೆ ಹೋಗುತ್ತಿದ್ದ ಕಾಲದ್ದು. ಆಗ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಮಹಶೀರ್ ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಶಿಬಿರಗಳಿದ್ದವು. ಹೆಚ್ಚಿನವರು ಗಾಳಕ್ಕೆ ರಾಗಿಮುದ್ದೆಯ ಉಂಡೆ ಕಟ್ಟಿದರೆ ಅಪ್ಪನದು ಸ್ಪೂನಿನ ಹಟ. ಮಹಶೀರಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಚಿಪ್ಪು, ಏಡಿಗಳನ್ನು ಅಲ್ಲಿ ಒತ್ತಿ ಪುಡಿಮಾಡುತ್ತದೆ. ಆ ಒತ್ತಿನ ಗುರುತೇ ಈ ತಗ್ಗು ಎಂದು ಅಪ್ಪ ಹೇಳುತ್ತಿದ್ದರು.

ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ಇತ್ತು. ನನ್ನ ಮಗಳ ತೂಕದ ಎರಡರಷ್ಟು! ಕಾವೇರಿ ಕೊಳ್ಳದ ಆ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೆ ಸೇರಿತು. ಆ ಕಾಡು ವನ್ಯಜೀವಿಧಾಮ. ಶಿಬಿರಗಳಲ್ಲಿ ಗಾಳ ಹಾಕುವುದು ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಅಂಗಡಿಯಲ್ಲಿ ಹೊಸ ಸ್ಪೂನ್ ಸಿಗುತ್ತದೆ, ಆ ತಗ್ಗು ಸಿಗುವುದಿಲ್ಲ. ಉಜ್ಜಿ ನಯ ಮಾಡಿಸಿಕೊಡುತ್ತೇನೆಂದು ಮುಂದೆ ಬಂದ ಪರಿಚಯದವರೊಬ್ಬರಿಗೆ ಕೈಮುಗಿದು ಬೇಡವೆಂದೆ. ಅದನ್ನು ಬೇರೆ ಬಟ್ಟೆಯಲ್ಲಿ ಸುತ್ತಿ, ಯಾವ ವರ್ಷದ್ದು, ಯಾವ ಮಡುವಿನದು ಎಂದು ಅಮ್ಮನಿಗೆ ನೆನಪಿದ್ದಷ್ಟನ್ನು ಚೀಟಿಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಚೀಟಿಗೆ ಪೆನ್ಸಿಲೇ ಒಳ್ಳೆಯದು, ತೇವ ತಗುಲಿದರೂ ಶಾಯಿಯಂತೆ ಹರಡುವುದಿಲ್ಲ.

ಡಬ್ಬಿಯನ್ನು ವರ್ಷಕ್ಕೊಮ್ಮೆಯಾದರೂ ತೆರೆದು ಗಾಳಿಯಾಡಿಸಬೇಕು. ನಮ್ಮಲ್ಲಿ ಅದಕ್ಕೆ ಆಯುಧಪೂಜೆಯ ದಿನ ಗೊತ್ತಾಗಿದೆ. ಮಳೆಗಾಲವೂ ಆ ಹೊತ್ತಿಗೆ ಹಿಂದೆ ಸರಿಯುತ್ತಿರುತ್ತದೆ. ಸ್ಕೂಟರು, ಹೊಲಿಗೆ ಯಂತ್ರ, ಸುತ್ತಿಗೆಯ ಸಾಲಿನಲ್ಲಿ ಹುಸಿಮೀನುಗಳೂ ಕೂರುತ್ತವೆ. ಬಿಳಿ ಹೊಟ್ಟೆಯ ಮೀನಿಗೆ ಅರಿಸಿನ ಮೆತ್ತಿದರೆ ಕಲೆ ಬಿಡುವುದು ಕಷ್ಟ, ಹಾಗಾಗಿ ಕುಂಕುಮವೂ ಅರಿಸಿನವೂ ಡಬ್ಬಿಯ ಮುಚ್ಚಳಕ್ಕೆ, ಹೂವು ಮಾತ್ರ ಮೀನಿಗೆ.