ಒಂದೇ ಮೂಳೆಯಿಂದ ಮೀನು ಗೊತ್ತಾಗುವುದು ಹೇಗೆ?

ಪ್ರಶ್ನೆ: ಅಳಿದುಹೋದ ಸಿಹಿನೀರಿನ ಮೀನನ್ನು ಪಳೆಯುಳಿಕೆ ಮೂಳೆಯಿಂದ ಹೇಗೆ ಗುರುತಿಸುತ್ತಾರೆ? ನಮ್ಮ ಕಡೆ ಅವು ಸಿಗುತ್ತವೆಯೇ?
– ಓದುಗರೊಬ್ಬರು, ಶಿಕಾರಿಪುರ

ಉತ್ತರ: ಮೊದಲು ಎರಡನೆಯದಕ್ಕೆ. ಶಿಕಾರಿಪುರ, ಸೊರಬದ ತಳಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಮೀನು ಹುಟ್ಟಿದ್ದೇ ಸುಮಾರು 50 ಕೋಟಿ ವರ್ಷಗಳ ಹಿಂದೆ. ಹಾಗಾಗಿ ಈ ಬಂಡೆಗಳಲ್ಲಿ ಹುಡುಕಿ ಫಲವಿಲ್ಲ. ದಖನ್ನಿನ ಲಾವಾ ಪದರಗಳ ನಡುವೆ ಮತ್ತು ಕೆಳಗೆ ಸಿಕ್ಕಿಕೊಂಡ ಕೆರೆ-ಹೊಳೆಗಳ ಕೆಸರುಗಲ್ಲಿನಲ್ಲಿ ಮೀನಿನ ಪಳೆಯುಳಿಕೆಗಳು ಸಿಗುತ್ತವೆ.

ಗುರುತಿಸುವ ಕೆಲಸವೆಲ್ಲ ಹೋಲಿಕೆಯದು. ಇಂದಿನ ಮೀನುಗಳ ಅಸ್ಥಿಪಂಜರ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡುತ್ತಾರೆ. ನಿಮ್ಮ ಕಡೆಯ ಅಂಜನಾಪುರ ಜಲಾಶಯದ ಕಾಟ್ಲಾ, ರೋಹುಗಳ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಅಂಥ ಗಂಟಲ ಹಲ್ಲು ಸಿಕ್ಕರೆ ಅದು ಗೆಂಡೆ ಬಳಗದ್ದು. ಎದೆಯ ರೆಕ್ಕೆಯ ಮುಂದೆ ಗರಗಸದಂಥ ಗಟ್ಟಿಮುಳ್ಳಿದ್ದರೆ ಚೇಳುಮೀನಿನ ಬಳಗದ್ದಿರಬಹುದು.

ಬೆನ್ನೆಲುಬಿನ ಒಂದು ಮಣಿಯೂ ಸಾಕಾಗುವುದುಂಟು. ಬಹುತೇಕ ಮೀನುಗಳಲ್ಲಿ ಮಣಿಯ ಎರಡೂ ಬದಿ ಒಳಗೆ ತಗ್ಗು. ಗಾರ್ ಮೀನಿನಲ್ಲಿ ಮಾತ್ರ ಮುಂಬದಿ ಉಬ್ಬು, ಹಿಂಬದಿ ತಗ್ಗು. ಅದರ ಹುರುಪೆಯೂ ದಪ್ಪ, ವಜ್ರಾಕಾರ, ಹೊರಮೈ ಹೊಳಪು. ಇಂದು ಗಾರ್ ಇರುವುದು ಉತ್ತರ ಮತ್ತು ಮಧ್ಯ ಅಮೆರಿಕ, ಕ್ಯೂಬಾಗಳಲ್ಲಿ ಮಾತ್ರ. ಆದರೆ ಮಹಾರಾಷ್ಟ್ರದ ಡೊಂಗರಗಾಂವ್‌ನ ಪಳೆಯುಳಿಕೆಗೆ 1908ರಲ್ಲಿ ಪಳೆಯುಳಿಕೆ ತಜ್ಞ ಸ್ಮಿತ್ ವುಡ್‌ವರ್ಡ್ 'ಲೆಪಿಸಾಸ್ಟಿಯಸ್ ಇಂಡಿಕಸ್' ಎಂದು ಹೆಸರಿಟ್ಟರು; ಅಂದರೆ ಡೈನೋಸಾರ್ ಕಾಲದ ಭಾರತದಲ್ಲೂ ಗಾರ್ ಇತ್ತು.

ಬಿಡಿ ಮೂಳೆ ಹೆಚ್ಚಾಗಿ ಕುಟುಂಬ ಅಥವಾ ಕುಲದವರೆಗೆ ಮಾತ್ರ ಕರೆದೊಯ್ಯುತ್ತದೆ. ಜಾತಿ ಹೇಳಲು ತಲೆಬುರುಡೆ ಅಥವಾ ಪೂರ್ಣ ದೇಹದಂಥ ಹೆಚ್ಚಿನ ಸಾಕ್ಷ್ಯ ಬೇಕು.