ಕಪಿಲೆಯ ದಡದ ಪುಣ್ಯಕ್ಷೇತ್ರಗಳು

ಕೇರಳದ ವಯನಾಡಿನಲ್ಲಿ ಹುಟ್ಟಿ ಮೈಸೂರು ಜಿಲ್ಲೆಗೆ ಇಳಿದು ಬರುವ ಕಪಿಲಾ ನದಿಗೆ ಕಬಿನಿ ಎಂಬ ಹೆಸರೂ ಉಂಟು. ನಂಜನಗೂಡಿನ ಮಗ್ಗುಲಲ್ಲಿ ಹರಿಯುವ ಈ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಈ ಎರಡು ಊರುಗಳ ದೇಗುಲಗಳನ್ನು ಕಾಣಲು ಹೊರಟವನು ಹೊಳೆಯನ್ನು ಮರೆತರೆ ಅರ್ಧವನ್ನಷ್ಟೇ ಕಂಡಂತೆ.

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರು ದೂರದಲ್ಲಿರುವ ನಂಜನಗೂಡು ಶ್ರೀಕಂಠೇಶ್ವರನ ನೆಲೆ. ಸಮುದ್ರಮಥನದಲ್ಲಿ ಹುಟ್ಟಿದ ನಂಜನ್ನು ಉಂಡವನಾದುದರಿಂದ ಶಿವನು ಇಲ್ಲಿ ನಂಜುಂಡ. ದೇವಾಲಯವು 385 ಅಡಿ ಉದ್ದ, 160 ಅಡಿ ಅಗಲವಿದ್ದು, 147 ಕಂಬಗಳನ್ನು ಒಳಗೊಂಡಿದೆ. ಇದು ಒಬ್ಬ ಅರಸನ ಅಥವಾ ಒಂದು ಕಾಲದ ಕಟ್ಟಡವಲ್ಲ. ಪ್ರಾಚೀನವಾದ ಚಿಕ್ಕ ಗರ್ಭಗುಡಿಯ ಸುತ್ತ ಒಂದೊಂದು ತಲೆಮಾರೂ ಒಂದೊಂದು ಭಾಗವನ್ನು ಸೇರಿಸುತ್ತ ಬಂದಿತು. ಹದಿನೆಂಟನೆಯ ಶತಮಾನದಲ್ಲಿ ಕಳಲೆಯ ದಳವಾಯಿಗಳೂ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರೂ ಇದನ್ನು ವಿಸ್ತರಿಸಿದರು. ಸುಮಾರು 120 ಅಡಿ ಎತ್ತರದ ಏಳು ನೆಲೆಯ ಮಹಾದ್ವಾರ ಗೋಪುರವು ಒಡೆಯರ ರಾಣಿ ದೇವರಾಜಮ್ಮಣ್ಣಿಯವರ ಸೇವೆ. ಒಳಗೆ ಅರವತ್ತುಮೂವರು ಪುರಾತನರ ಮೂರ್ತಿಗಳಿವೆ. ರಾಣಿಯರೊಡನೆ ಕೈಮುಗಿದು ನಿಂತ ಒಡೆಯರ ವಿಗ್ರಹವೂ ಇದೆ. ಕಟ್ಟಿಸಿದ ದೊರೆಯೂ ಇಲ್ಲಿ ಭಕ್ತರ ಸಾಲಿನಲ್ಲಿಯೇ ನಿಲ್ಲಬೇಕಾಯಿತು.

ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣಿನ ಬೇನೆ ಈ ದೇವರ ಸೇವೆಯಿಂದ ವಾಸಿಯಾಯಿತೆಂದೂ, ಸುಲ್ತಾನನು ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂದೂ ಪ್ರತೀತಿ. ಹಕೀಮನೆಂದರೆ ವೈದ್ಯ. ಇಂದಿಗೂ ರೋಗ ನಿವಾರಣೆಗಾಗಿ ಹರಕೆ ಹೊತ್ತು ಬರುವವರಿಗೆ ಆ ಹೆಸರು ಹೊರಗಿನದೆನಿಸಿಲ್ಲ. ಫಾಲ್ಗುಣ ಮಾಸದ ದೊಡ್ಡಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳನ್ನು ಎಳೆಯುತ್ತಾರೆ. ಶ್ರೀಕಂಠೇಶ್ವರನ ತೇರಿಗೆ ಗೌತಮ ರಥವೆಂದು ಹೆಸರು.

ಊರಿನ ಹಳೆಯ ಸೇತುವೆಯನ್ನು ದಳವಾಯಿ ದೇವರಾಜಯ್ಯನು 1735ರಲ್ಲಿ ಕಟ್ಟಿಸಿದನು. ಮುಂದೆ ಬಹುಕಾಲ ಅದೊಂದೇ ಸೇತುವೆಯ ಮೇಲೆ ರಸ್ತೆಯೂ ರೈಲುಹಳಿಯೂ ಹಾದುಹೋಗುತ್ತಿದ್ದವು. ಬೀಚನಹಳ್ಳಿಯ ಬಳಿ 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡ ಮೇಲೂ, ಮಳೆಗಾಲದಲ್ಲಿ ಹೆಚ್ಚು ನೀರು ಬಿಟ್ಟಾಗ ದಡದ ಹದಿನಾರು ಕಾಲಿನ ಮಂಟಪ ಮುಳುಗುವುದುಂಟು. ಹೊಳೆಯಿಂದ ಗುಡಿಗೆ ಬರುವ ಅಪಾಯ ಕೆಲವು ದಿನಗಳದು. ಜನರಿಂದ ಹೊಳೆಗೆ ಬರುವುದು ವರ್ಷವಿಡೀ. ಮಿಂದವರು ಉಟ್ಟ ಬಟ್ಟೆಯನ್ನು ನೀರಿನಲ್ಲಿಯೇ ಬಿಟ್ಟುಹೋಗುವ ರೂಢಿಯಿಂದ ಸ್ನಾನಘಟ್ಟ ಮಲಿನಗೊಳ್ಳುತ್ತದೆ. ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಂಡ ನೀರಿಗೇ ಹಳೆಯ ಅರಿವೆಯನ್ನು ಎಸೆಯುವುದು ಎಂಥ ಭಕ್ತಿಯೋ ತಿಳಿಯದು!

ತಿರುಮಕೂಡಲು ಎಂದರೆ ಮೂರು ನದಿಗಳ ಕೂಡಲು. ಕಾವೇರಿ, ಕಪಿಲೆಗಳು ಕಣ್ಣಿಗೆ ಕಾಣುತ್ತವೆ; ಮೂರನೆಯದಾದ ಸ್ಫಟಿಕ ಸರೋವರವು ಗುಪ್ತವಾಗಿದೆ ಎಂಬುದು ನಂಬಿಕೆ. ಇಲ್ಲಿನ ಅಗಸ್ತ್ಯೇಶ್ವರ ಲಿಂಗವನ್ನು ಅಗಸ್ತ್ಯ ಮುನಿಯು ಮರಳಿನಿಂದ ಮಾಡಿದನೆಂದು ಸ್ಥಳಪುರಾಣ ಹೇಳುತ್ತದೆ. ಗುಂಜಾ ನರಸಿಂಹಸ್ವಾಮಿಯ ಗುಡಿಯಲ್ಲಿ ದೇವರ ಬೆರಳುಗಳ ನಡುವೆ ಗುಲಗಂಜಿಯೊಂದಿದೆ. ಅದು ಅಕ್ಕಸಾಲಿಗರು ಚಿನ್ನವನ್ನು ತೂಗಲು ಬಳಸುತ್ತಿದ್ದ ಅತಿ ಸಣ್ಣ ಬೀಜ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಿನದು ಎಂಬುದು ಅದರ ಅರ್ಥವಂತೆ. ಹೆಮ್ಮೆಯನ್ನು ಇಷ್ಟು ಮಿತವಾಗಿ ತೂಗಿದ ಊರು ಮತ್ತೊಂದಿರಲಾರದು. ಇಲ್ಲಿ 1989ರಲ್ಲಿ ಕುಂಭಮೇಳ ಆರಂಭವಾಯಿತು. 2025ರ ಫೆಬ್ರವರಿಯಲ್ಲಿಯೂ ಅದು ನಡೆಯಿತು.

ಇದೇ ತಾಲ್ಲೂಕಿನ ಸೋಮನಾಥಪುರದ್ದು ಬೇರೆಯೇ ಸ್ಥಿತಿ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ತ್ರಿಕೂಟಾಚಲವಿದು. ಇಲ್ಲಿ ಮೂಲ ಕೇಶವ ವಿಗ್ರಹವಿಲ್ಲ, ನಿತ್ಯಪೂಜೆಯೂ ಇಲ್ಲ. ಆದರೂ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆಯು ಎಣ್ಣೆ, ಬಣ್ಣಗಳ ಸೋಂಕಿಲ್ಲದೆ ಉಳಿದಿದೆ. ಶಿಲ್ಪಿ ಮಲ್ಲಿತಮ್ಮನ ಹೆಸರನ್ನು ಕಲ್ಲಿನಲ್ಲಿ ಓದಬಹುದು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಈ ಎಲ್ಲ ಗುಡಿಗಳಿಗಿಂತ ಹಿಂದಿನದೊಂದು ಕುರುಹು ನರಸೀಪುರದ ನೆಲದಲ್ಲಿಯೇ ದೊರೆತಿದೆ. 1960ರ ದಶಕದ ಮೊದಲ ಭಾಗದಲ್ಲಿ ಸಂಗಮದ ಬಳಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಸಮಾಧಿಗಳೂ ಮಾನವರ ಅಸ್ಥಿಪಂಜರಗಳೂ ಬೆಳಕಿಗೆ ಬಂದವು. ಗುಡಿಗಳು ಏಳುವುದಕ್ಕೆ ಬಹು ಹಿಂದೆ, ಕಲ್ಲಿನ ಕೊಡಲಿ ಹಿಡಿದಿದ್ದ ಜನ ತಮ್ಮ ಸತ್ತವರನ್ನು ಮಣ್ಣುಮಾಡಲು ಈ ಹೊಳೆಗಳು ಕೂಡುವ ನೆಲವನ್ನೇ ಆರಿಸಿಕೊಂಡಿದ್ದರು.